ಎರಡನೆಯ ಯಾನಕ್ಕೂ ಮಸ್ಟರು ಬೇಕೆ?

ಸುಲೇಪೇಟದ ಹಿರಿಯ ಓದುಗರೊಬ್ಬರು ಬರೆದ ದೀರ್ಘ ಪತ್ರವು ಈ ತಿಂಗಳ ನಮ್ಮ ಅಂಕಣಕ್ಕೆ ವಿಷಯವನ್ನು ಒದಗಿಸಿದೆ. ತೊಗರಿ ಹೊಲ, ಶಹಾಬಾದಿ ಕಲ್ಲಿನ ಅಂಗಳ, ವಾರದ ಸಂತೆ ಇವುಗಳ ನಡುವೆಯೇ ಬಾಳುವೆ ಸವೆಸಿದ ಈ ದಂಪತಿಗಳನ್ನು ಅಮೇರಿಕೆಯಲ್ಲಿ ನೆಲೆಸಿರುವ ಮಗ ಸೊಸೆಯರು ಕರೆಸಿಕೊಂಡು, ಮಯಾಮಿ ಬಂದರಿನಿಂದ ದೊಡ್ಡ ಹಡಗಿನ ವಿಹಾರಕ್ಕೆ ಒಯ್ದರಂತೆ. ಏಳು ದಿನಗಳ ಒಂದು ಯಾನ ಮುಗಿದ ದಿನವೇ, ಅದೇ ಹಡಗಿನಲ್ಲಿ, ಏಳು ದಿನಗಳ ಮತ್ತೊಂದು ಯಾನ. ಹೀಗೆ ಒಂದರ ಬೆನ್ನಿಗೆ ಒಂದರಂತೆ ಎರಡು ಯಾನ ಕಾದಿರಿಸುವ ಪದ್ಧತಿ ಈಗ ಸಾಮಾನ್ಯವಾಗಿದೆ. ಸಾಮಾನು ಕಟ್ಟಿ ಬಿಚ್ಚುವ ತೊಂದರೆಯಿಲ್ಲ, ದೂರದಿಂದ ಬಂದ ವಿಮಾನದ ಖರ್ಚಿಗೂ ಸಾರ್ಥಕ.

ಮೊದಲ ಯಾನದ ಆರಂಭದಲ್ಲಿ ಹಡಗಿನವರು ಎಲ್ಲ ಪ್ರಯಾಣಿಕರನ್ನೂ ಅವರವರಿಗೆ ಗೊತ್ತುಪಡಿಸಿದ ಸ್ಥಳಕ್ಕೆ ಕರೆಸಿ, ಲೈಫ್ ಜಾಕೆಟ್ ತೊಡುವ ಬಗೆ, ಅಪಾಯದ ಕೂಗು, ದೋಣಿಯ ಜಾಗ ಇವುಗಳನ್ನು ತಿಳಿಸಿಕೊಟ್ಟರು. ದಂಪತಿಗಳು ಶ್ರದ್ಧೆಯಿಂದ ಹೋಗಿ ಬಂದರು. ಎಂಟನೆಯ ದಿನ, ಎರಡನೆಯ ಯಾನ ಹೊರಡುವ ಮುನ್ನ, ಮತ್ತೆ ಅದೇ ಕರೆ ಬಂದಿತು. ಮನೆಯೊಡತಿಗೆ ಮೊಣಕಾಲು ನೋವು. ‘ಹೋದ ವಾರ ಅಷ್ಟೇ ಮಾಡೀವಲ್ಲ, ಮತ್ತ ಯಾಕ ಬರಬೇಕು?’ ಎಂದು ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ಮಗ ಅವ್ವನ ಪರ ವಹಿಸಿದ. ಸೊಸೆ ನಿಯಮದ ಪರ ವಹಿಸಿದಳು. ಯಜಮಾನರು ನಡುವೆ ಸಿಲುಕಿದರು. ಕೊನೆಗೆ ಹಡಗಿನ ಸಿಬ್ಬಂದಿಯೊಬ್ಬರು ಕೋಣೆಯ ಬಾಗಿಲಿಗೇ ಬಂದು ಕರೆದೊಯ್ಯಬೇಕಾಯಿತು. ‘ಇದು ಕಾನೂನೋ, ಕಂಪನಿಯ ಹಟವೋ? ನಮ್ಮ ಭಾಗದವರು ಇನ್ನು ಮುಂದೆ ಇಂಥ ಪ್ರವಾಸಕ್ಕೆ ಹೆಚ್ಚು ಹೋಗುವವರಿದ್ದಾರೆ, ಆದುದರಿಂದ ತಿಳಿಸಿಕೊಡಿ’ ಎಂಬುದು ಅವರ ಪ್ರಶ್ನೆ. ಸೊಸೆಗೂ ಅತ್ತೆಗೂ ಅಂದಿನಿಂದ ಸ್ವಲ್ಪ ಮಾತು ಕಡಮೆಯಾಗಿದೆ ಎಂದೂ ಅವರು ಸಂಕೋಚದಿಂದಲೇ ಬರೆದಿದ್ದಾರೆ.

ಪ್ರಶ್ನೆಗೆ ನೇರ ಉತ್ತರವನ್ನು ಮೊದಲು ಹೇಳಿಬಿಡುತ್ತೇವೆ. ಸಮುದ್ರದಲ್ಲಿ ಜೀವರಕ್ಷಣೆಗೆಂದು ರಾಷ್ಟ್ರಗಳೆಲ್ಲ ಸೇರಿ ಮಾಡಿಕೊಂಡ ಒಪ್ಪಂದವೊಂದಿದೆ. ಅದನ್ನು ಹಡಗಿನವರು ‘ಸೋಲಾಸ್’ ಎಂದು ಕರೆಯುತ್ತಾರೆ. ಟೈಟಾನಿಕ್ ಹಡಗು 1912ರಲ್ಲಿ ಮುಳುಗಿದ ಬಳಿಕ 1914ರಲ್ಲಿ ಇದರ ಮೊದಲ ರೂಪ ಸಿದ್ಧವಾಯಿತು. ಈಗ ನಡೆಯುತ್ತಿರುವುದು 1974ರ ಒಪ್ಪಂದ ಮತ್ತು ಅದಕ್ಕೆ ಕಾಲಕಾಲಕ್ಕೆ ಬಂದ ತಿದ್ದುಪಡಿಗಳು. ಇದರ ಮೂರನೆಯ ಅಧ್ಯಾಯದ 19ನೆಯ ನಿಯಮವು, 24 ಗಂಟೆಗಿಂತ ಹೆಚ್ಚು ಕಾಲ ಪ್ರಯಾಣಿಕರು ಇರುವ ಹಡಗಿನಲ್ಲಿ, ‘ಹೊಸದಾಗಿ ಹತ್ತಿದ’ ಪ್ರಯಾಣಿಕರನ್ನು ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೆ ಸೇರಿಸಿ ತಿಳಿವಳಿಕೆ ಕೊಡಬೇಕೆಂದು ವಿಧಿಸುತ್ತದೆ. ‘ಹೊಸದಾಗಿ ಹತ್ತಿದ’ ಎಂಬ ಮಾತನ್ನು ಓದುಗರು ಗಮನಿಸಬೇಕು. ಆ ಅಕ್ಷರವನ್ನೇ ಹಿಡಿದು ಹೇಳುವುದಾದರೆ, ಹಡಗನ್ನು ಬಿಡದೆ ಎರಡನೆಯ ಯಾನಕ್ಕೆ ಮುಂದುವರಿದವರನ್ನು ಅಂತರರಾಷ್ಟ್ರೀಯ ಕಾನೂನು ಮತ್ತೊಮ್ಮೆ ಎಳೆದು ತರುವುದಿಲ್ಲ. ಮಗನ ವಾದಕ್ಕೆ ಇಷ್ಟರ ಮಟ್ಟಿಗೆ ಆಧಾರವಿದೆ.

ಆದರೆ ಕಾನೂನು ಹೇಳುವುದು ಕನಿಷ್ಠವನ್ನು. ಅದರ ಮೇಲೆ ಪ್ರತಿ ಕಂಪನಿಯೂ ತನ್ನದೇ ಸುರಕ್ಷತಾ ಕಟ್ಟಳೆಯನ್ನು ಬರೆದಿಟ್ಟುಕೊಂಡಿರುತ್ತದೆ. ಹಡಗಿನ ಮೇಲೆ ಕ್ಯಾಪ್ಟನ್ನನ ಆಜ್ಞೆಯೇ ಅಂತಿಮ. ಕೆಲವು ಕಂಪನಿಗಳು ಅದೇ ಕೋಣೆಯಲ್ಲಿ ಮುಂದುವರಿಯುವವರಿಗೆ ವಿನಾಯಿತಿ ಕೊಡುತ್ತವೆ, ಕೆಲವು ತಮ್ಮ ಸ್ಥಳಕ್ಕೆ ಬಂದು ಮುಖ ತೋರಿಸಿ ಹೋದರೆ ಸಾಕೆನ್ನುತ್ತವೆ, ಹಲವು ಪ್ರತಿ ಯಾನಕ್ಕೂ ಎಲ್ಲರೂ ಬರತಕ್ಕದ್ದೆನ್ನುತ್ತವೆ. ಕರೆದಾಗ ಬಾರದವರನ್ನು ಹಡಗಿನಿಂದ ಇಳಿಸುವ ಅಧಿಕಾರವೂ ಕ್ಯಾಪ್ಟನ್ನನಿಗಿದೆ. ಆದ್ದರಿಂದ ಸಿಬ್ಬಂದಿ ಬಾಗಿಲಿಗೆ ಬಂದುದು ಹಟವಲ್ಲ, ಅವರ ಕರ್ತವ್ಯ. ಸೊಸೆಯ ವಾದಕ್ಕೂ ಹೀಗೆ ಆಧಾರವಿದೆ. ಇಬ್ಬರೂ ಗೆದ್ದರೆನ್ನಬಹುದು. ಆದರೆ ನಮ್ಮ ಅಭಿಪ್ರಾಯ ಸೊಸೆಯ ಕಡೆಗೇ ವಾಲುತ್ತದೆ.

ಹಡಗಿನವರು ಈ ಕವಾಯತಿಗೆ ಇಟ್ಟಿರುವ ಹೆಸರು ‘ಮಸ್ಟರ್’. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳ ನಮ್ಮ ಬಂಧುಗಳಿಗೆ ಈ ಶಬ್ದವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬರಗಾಲದ ಕಾಮಗಾರಿಯಿಂದ ಹಿಡಿದು ಇಂದಿನ ಉದ್ಯೋಗ ಖಾತ್ರಿಯ ಕೆಲಸದವರೆಗೆ, ಕಲ್ಲಿನ ಗಣಿಯಿಂದ ಹಿಡಿದು ಸಿಮೆಂಟು ಕಾರ್ಖಾನೆಯ ಬಾಗಿಲಿನವರೆಗೆ, ‘ಮಸ್ಟರು’ ಎಂದರೆ ಹಾಜರಿ ಪಟ್ಟಿ. ಎರಡೂ ಒಂದೇ ಶಬ್ದ. ಪಾಠ ಹೇಳುವುದು ಅದರ ಒಂದು ಭಾಗ ಮಾತ್ರ. ತಲೆ ಎಣಿಸುವುದು ಅದರ ಮೂಲ. ನಿನ್ನೆ ಮಸ್ಟರಿನಲ್ಲಿ ಹೆಸರಿತ್ತೆಂದು ಇಂದು ಕೆಲಸಕ್ಕೆ ಬಾರದವನಿಗೆ ಹಾಜರಿ ಹಾಕುವ ಮೇಸ್ತ್ರಿಯನ್ನು ನಾವು ಕಂಡಿಲ್ಲ. ಈ ದೃಷ್ಟಿಯಿಂದ ನೋಡಿದರೆ ‘ಗೊತ್ತಿರುವುದನ್ನೇ ಮತ್ತೇಕೆ ಹೇಳುತ್ತೀರಿ?’ ಎಂಬ ಪ್ರಶ್ನೆಯೇ ದಾರಿ ತಪ್ಪಿದ್ದು. ಹಡಗಿನವರು ಕೇಳುತ್ತಿರುವುದು ನಿಮಗೆ ಏನು ಗೊತ್ತು ಎಂದಲ್ಲ, ಈ ಯಾನದಲ್ಲಿ ನೀವು ಯಾವ ಪಟ್ಟಿಯಲ್ಲಿ, ಯಾರ ಎದುರು, ಎಲ್ಲಿ ನಿಲ್ಲುತ್ತೀರಿ ಎಂದು.

ಈ ಬಿಗಿಯಾದ ನಿಯಮ ಮೊದಲಿನಿಂದಲೂ ಇದ್ದುದಲ್ಲ. ಹಿಂದೆ, ಪ್ರಯಾಣಿಕರು ಹತ್ತಿದ 24 ಗಂಟೆಗಳೊಳಗೆ ಯಾವಾಗಲಾದರೂ ಕವಾಯತು ಮಾಡಿಸಿದರೆ ಸಾಕೆಂದಿತ್ತು. 2012ರ ಜನವರಿ 13ರ ರಾತ್ರಿ ಅದರ ಬೆಲೆ ತಿಳಿಯಿತು. ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಆ ಸಂಜೆ ಏಳು ಗಂಟೆಯ ಬಳಿಕ ರೋಮ್ ನಗರಕ್ಕೆ ಸಮೀಪದ ಸಿವಿಟವೆಕ್ಕಿಯಾ ಬಂದರನ್ನು ಬಿಟ್ಟಿತು. ಅದು ಬಂದರಿನಿಂದ ಬಂದರಿಗೆ ಸುತ್ತುತ್ತ, ಒಂದೊಂದು ಕಡೆ ಕೆಲವರನ್ನು ಇಳಿಸಿ ಕೆಲವರನ್ನು ಹತ್ತಿಸಿಕೊಳ್ಳುವ ಹಡಗು. ಹೀಗಾಗಿ ಹಿಂದಿನ ಬಂದರುಗಳಲ್ಲಿ ಹತ್ತಿ ಕವಾಯತು ಮುಗಿಸಿದವರೂ, ಅಂದೇ ಹತ್ತಿ ಏನೊಂದೂ ತಿಳಿಯದವರೂ ಒಂದೇ ಊಟದ ಮನೆಯಲ್ಲಿ ಕುಳಿತಿದ್ದರು. ಸಿವಿಟವೆಕ್ಕಿಯಾದಲ್ಲಿ ಹತ್ತಿದ ಸುಮಾರು 700 ಜನರ ಕವಾಯತನ್ನು ಮರುದಿನಕ್ಕೆ ಇಟ್ಟುಕೊಂಡಿದ್ದರು. ಅಂದಿನ ನಿಯಮದ ಪ್ರಕಾರ ಅದು ತಪ್ಪೂ ಆಗಿರಲಿಲ್ಲ.

ರಾತ್ರಿ ಒಂಬತ್ತು ಮುಕ್ಕಾಲಿಗೆ ಜೀಲಿಯೊ ಎಂಬ ದ್ವೀಪದ ತೀರ ಹತ್ತಿರ ಸಾಗಿದ ಹಡಗಿಗೆ ಬಂಡೆ ಬಡಿದು ಒಡಲು ಸೀಳಿತು. ದೀಪಗಳು ಆರಿದವು. ವಿದ್ಯುತ್ತಿನ ತೊಂದರೆಯಷ್ಟೇ ಎಂದು ಜನರಿಗೆ ಹೇಳಲಾಯಿತು. ಹಡಗನ್ನು ಬಿಡಿರೆಂಬ ಆಜ್ಞೆ ಬರುವ ಹೊತ್ತಿಗೆ ಒಂದು ಗಂಟೆಗೂ ಮಿಕ್ಕಿ ಕಾಲ ಕಳೆದಿತ್ತು. ಅಷ್ಟರಲ್ಲಿ ಹಡಗು ಒಂದು ಮಗ್ಗುಲಿಗೆ ವಾಲುತ್ತಿದ್ದುದರಿಂದ ಇನ್ನೊಂದು ಬದಿಯ ದೋಣಿಗಳನ್ನು ಇಳಿಸುವುದೇ ಕಷ್ಟವಾಯಿತು. ಒಟ್ಟು 4,229 ಜನರಲ್ಲಿ 32 ಮಂದಿ ಸತ್ತರು. ದಡವು ಕಲ್ಲೆಸೆತದ ದೂರದಲ್ಲಿತ್ತು. ನಡುಗಡಲಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಓದುಗರ ಊಹೆಗೇ ಬಿಡುತ್ತೇವೆ. ಸತ್ತವರಲ್ಲಿ ಮುಂಬಯಿಯ ಒಬ್ಬ ಭಾರತೀಯ ಮಾಣಿಯೂ ಇದ್ದನು. ಅವನ ದೇಹದ ಅವಶೇಷ ದೊರೆತದ್ದು ಎಲ್ಲರಿಗಿಂತ ಕೊನೆಯದಾಗಿ, 2014ರ ನವೆಂಬರಿನಲ್ಲಿ. ಕ್ಯಾಪ್ಟನ್ನನಿಗೆ ಇಟಲಿಯ ನ್ಯಾಯಾಲಯವು 2015ರಲ್ಲಿ 16 ವರ್ಷಗಳ ಸೆರೆವಾಸವನ್ನು ವಿಧಿಸಿತು. 2017ರಲ್ಲಿ ಅಲ್ಲಿಯ ಉಚ್ಚ ಪೀಠವೂ ಅದನ್ನು ಎತ್ತಿ ಹಿಡಿಯಿತು.

ಅಪಘಾತಕ್ಕೆ ಕಾರಣ ಕವಾಯತಿನ ಕೊರತೆಯಲ್ಲ, ಕ್ಯಾಪ್ಟನ್ನನ ದುಡುಕು. ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ಬಂಡೆ ಬಡಿದ ಮೇಲಿನ ಗೊಂದಲಕ್ಕೆ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕತ್ತಲಲ್ಲಿ ತಡಕಾಡಿದ ಜನರ ಪಾಡಿಗೆ, ‘ನಾಳೆ ಮಾಡಿದರಾಯಿತು’ ಎಂಬ ಧೋರಣೆಯೂ ಒಂದು ಕಾರಣವಾಯಿತು. ಮರುತಿಂಗಳೇ, ಅಂದರೆ 2012ರ ಫೆಬ್ರವರಿಯಲ್ಲಿಯೇ, ವಿಹಾರ ಹಡಗಿನ ಕಂಪನಿಗಳ ಸಂಘಟನೆಗಳು ಬಂದರು ಬಿಡುವ ಮುನ್ನವೇ ಕವಾಯತು ಮಾಡಿಸುವುದಾಗಿ ತಾವಾಗಿ ಪ್ರಕಟಿಸಿದವು. 2013ರ ಜೂನಿನಲ್ಲಿ ಸೋಲಾಸ್ ನಿಯಮವೂ ತಿದ್ದುಪಡಿಯಾಯಿತು. 2015ರ ಜನವರಿ 1ರಿಂದ ಅದು ಜಾರಿಗೆ ಬಂದಿದೆ. ಸುಲೇಪೇಟದ ಆ ತಾಯಿಯವರ ಬಾಗಿಲು ತಟ್ಟಿದ ಕೈಯ ಹಿಂದೆ ಇಷ್ಟು ಚರಿತ್ರೆಯಿದೆ.

ಇನ್ನು ಹಡಗಿನ ಸಿಬ್ಬಂದಿಯ ಮಾತು. ಅವರಲ್ಲಿ ಹತ್ತಾರು ವರ್ಷ ಸಮುದ್ರದ ಮೇಲೆಯೇ ಕಳೆದವರಿರುತ್ತಾರೆ. ಪ್ರಯಾಣಿಕರ ಹಡಗಿನಲ್ಲಿ ಹಡಗು ಬಿಡುವ ಕವಾಯತೂ ಬೆಂಕಿಯ ಕವಾಯತೂ ವಾರಕ್ಕೊಮ್ಮೆ ನಡೆಯಬೇಕೆಂಬುದು ಅದೇ 1974ರ ಒಪ್ಪಂದದ ಕಟ್ಟಳೆ. ನಮಗೆ ಊಟ ಬಡಿಸುವವನು, ಹಾಸಿಗೆ ಹಾಸುವವಳು, ಮಕ್ಕಳಿಗೆ ಆಟ ಆಡಿಸುವವಳು, ಇವರಿಗೆಲ್ಲ ಆ ಕವಾಯತಿನಲ್ಲಿ ಒಂದೊಂದು ಕೆಲಸ ಗೊತ್ತುಪಡಿಸಿರುತ್ತದೆ. ಅವರು ವಾರ ವಾರವೂ ಮಾಡುವುದನ್ನು ನಾವು ವಾರಕ್ಕೊಮ್ಮೆ ಕೇಳುವುದು ಭಾರವೆನ್ನಲಾದೀತೆ?

ನಮ್ಮ ಭಾಗದಲ್ಲಿಯೂ ಈ ಪದ್ಧತಿ ಹೊಸದಲ್ಲ. ವಾಡಿ, ಶಹಾಬಾದ, ಮಳಖೇಡ, ಸೇಡಂ ಈ ಊರುಗಳ ಎಷ್ಟೋ ಮನೆಗಳಲ್ಲಿ ಸುಣ್ಣಕಲ್ಲಿನ ಗಣಿಯಲ್ಲೋ ಸಿಮೆಂಟು ಕಾರ್ಖಾನೆಯಲ್ಲೋ ದುಡಿದವರಿದ್ದಾರೆ. 1966ರಲ್ಲಿ ಬಂದ ಗಣಿ ತರಬೇತಿ ನಿಯಮಗಳು ಹೊಸಬನಿಗೆ ಮಾತ್ರವಲ್ಲದೆ, ಅನುಭವಿಯಾದ ಕಾರ್ಮಿಕನಿಗೂ ಐದು ವರ್ಷಕ್ಕೊಮ್ಮೆ ಮರುತರಬೇತಿ ಕೊಡಿಸಿದವು. ಸಿಡಿಮದ್ದು ಹಾರಿಸುವ ಮುನ್ನ ಗಣಿಯ ಸೈರನ್ ಕೂಗಿದಾಗ ‘ನಿನ್ನೆ ಕೇಳಿದ್ದೇನೆ’ ಎಂದು ಯಾವ ಮುಕದ್ದಮನೂ ನಿಂತಲ್ಲೇ ನಿಲ್ಲಲಿಲ್ಲ. ಕಲಬುರಗಿಯಲ್ಲಿ 2019ರ ನವೆಂಬರಿನಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ನಮ್ಮವರಲ್ಲಿ ಅನೇಕರು ವಿಮಾನದ ಬೆಲ್ಟಿನ ಪಾಠವನ್ನೂ ಕಂಡಿದ್ದಾರೆ. ನಡುವೆ ಒಂದು ಊರಿನಲ್ಲಿ ಇಳಿದು ಮುಂದೆ ಹಾರುವ ವಿಮಾನದಲ್ಲಿ, ಸೀಟು ಬಿಡದೆ ಕುಳಿತವರ ಮುಂದೆಯೂ ಆ ಪಾಠ ಮತ್ತೊಮ್ಮೆ ನಡೆಯುತ್ತದೆ. ಅಲ್ಲಿ ನಾವು ಜಗಳವಾಡುವುದಿಲ್ಲ. ಕುಳಿತಲ್ಲಿಯೇ ಆಗುತ್ತದಲ್ಲ, ಮೊಣಕಾಲಿಗೆ ಕೆಲಸವಿಲ್ಲ!

ಮಯಾಮಿಯಂಥ ಬಂದರಿನಲ್ಲಿ ಎರಡು ಯಾನಗಳ ನಡುವಿನ ಒಂದು ದಿನದಲ್ಲಿ ಹಡಗು ಒಳಗಿನಿಂದ ಎಷ್ಟು ಬದಲಾಗುತ್ತದೆಂಬುದನ್ನು ಪ್ರಯಾಣಿಕರು ಕಾಣುವುದಿಲ್ಲ. ಬೆಳಗಿನಲ್ಲಿ ಸಾವಿರಾರು ಜನ ಇಳಿಯುತ್ತಾರೆ. ಮುಂದುವರಿಯುವವರನ್ನೂ ವಲಸೆ ಅಧಿಕಾರಿಗಳ ತನಿಖೆಗಾಗಿ ಕೆಳಗಿಳಿಸುವುದು ವಾಡಿಕೆ. ಹಡಗಿನಲ್ಲಿ ಪ್ರಯಾಣಿಕರ ಎಣಿಕೆ ಸೊನ್ನೆಗೆ ಬರಬೇಕು, ಆಮೇಲೆ ಹೊಸ ಎಣಿಕೆ ಒಂದರಿಂದ ಆರಂಭ. ಮುಂದುವರಿದವರಿಗೂ ಹೊಸ ಕಾರ್ಡು ಬರುತ್ತದೆ. ಕೋಣೆ ಬದಲಾದರೆ ಕೂಡುವ ಸ್ಥಳವೂ ದೋಣಿಯ ಸಂಖ್ಯೆಯೂ ಬದಲಾಗಬಹುದು. ಹೋದ ವಾರ ನಾಲ್ಕನೆಯ ಅಟ್ಟದ ಎಡಬದಿಯಲ್ಲಿ ನಿಂತು ಕಲಿತವರು, ಈ ವಾರ ಐದನೆಯ ಅಟ್ಟದ ನಾಟಕಶಾಲೆಗೆ ಹೋಗಬೇಕಾಗಬಹುದು. ಹಳೆಯ ಜಾಗಕ್ಕೆ ಓಡಿದರೆ ಅಲ್ಲಿಯ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಹೊಸ ಜಾಗದ ಪಟ್ಟಿಯಲ್ಲಿ ಅವರು ಕಾಣೆಯಾದವರು. ಅವರನ್ನು ಹುಡುಕಲು ಯಾರೋ ಒಬ್ಬ ಹುಡುಗ ಹೊಗೆ ತುಂಬಿದ ಕೋಣೆಗೆ ಹೋಗಬೇಕಾಗುತ್ತದೆ. ಹೋದ ವಾರ ನಗುನಗುತ್ತ ದಾರಿ ತೋರಿಸಿದ ಸಿಬ್ಬಂದಿಯೂ ಕರಾರು ಮುಗಿದು ಊರಿಗೆ ಹೋಗಿರಬಹುದು. ಹಡಗು ಅದೇ, ಯಾನ ಬೇರೆ. ಹೀಗಿರುವಾಗ ಮುಂದುವರಿಯುವವರಿಗೆ ಪೂರ್ಣ ವಿನಾಯಿತಿ ಕೊಡುವ ಕಂಪನಿಗಳ ಉದಾರತೆ ನಮಗೆ ಅಷ್ಟಾಗಿ ಮೆಚ್ಚುಗೆಯಾಗದು.

ಲೈಫ್ ಜಾಕೆಟ್ಟಿನ ಬಗೆಗೂ ಒಂದು ಕುತೂಹಲದ ಅಂಶವಿದೆ. ಅದನ್ನು ಹಿಂದೆಂದೂ ನೋಡದ ಜನರಲ್ಲಿ ನೂರಕ್ಕೆ 75 ಮಂದಿಯಾದರೂ ಯಾರ ಸಹಾಯವೂ ಇಲ್ಲದೆ ಒಂದು ನಿಮಿಷದಲ್ಲಿ ಸರಿಯಾಗಿ ತೊಡುವಂತಿರಬೇಕು; ಒಮ್ಮೆ ತೋರಿಸಿಕೊಟ್ಟ ಮೇಲೆ ಎಲ್ಲರೂ ಒಂದು ನಿಮಿಷದಲ್ಲಿ ತೊಡುವಂತಿರಬೇಕು ಎಂದು ಅಂತರರಾಷ್ಟ್ರೀಯ ಸಂಹಿತೆ ಅದರ ತಯಾರಿಕೆಗೆ ಅಳತೆ ಹಾಕಿಕೊಟ್ಟಿದೆ. ತೋರಿಸಿಕೊಡುವ ಆ ಒಂದು ಘಳಿಗೆಯು ಉಳಿದ 25 ಮಂದಿಗಾಗಿ. ಆ ಇಪ್ಪತ್ತೈದರಲ್ಲಿ ಹೆಚ್ಚಿನವರು ಯಾರಾಗಿರುತ್ತಾರೆಂದು ನಾವು ಅಂಕಿಸಂಖ್ಯೆಯಿಲ್ಲದೆಯೂ ಊಹಿಸಬಲ್ಲೆವು: ವಯಸ್ಸಾದವರು, ಬೆರಳು ಸೆಟೆದವರು, ಪಟ್ಟಿಯ ಕೊಂಡಿಯನ್ನು ಹಿಂದೆಂದೂ ಹಾಕಿ ಅರಿಯದವರು, ಕಂಪನಿಯವರು ಆಡುವ ಭಾಷೆ ಬಾರದವರು. ಅಂದರೆ ನಮ್ಮ ಅಪ್ಪ ಅವ್ವಂದಿರು.

ಭಾಷೆಯ ತೊಡಕನ್ನು ಹಗುರಾಗಿ ತೆಗೆದುಕೊಳ್ಳಬಾರದು. ಧ್ವನಿವರ್ಧಕದಲ್ಲಿ ಬರುವುದು ಇಂಗ್ಲಿಷು, ಸ್ಪ್ಯಾನಿಷು, ಇಟಾಲಿಯನ್ನು. ಕನ್ನಡದಲ್ಲಿ ಹೇಳಬೇಕಾದವರು ಮಕ್ಕಳೇ. ಏಳು ಸಲ ಗಿಡ್ಡ ಕೂಗು, ಆಮೇಲೆ ಒಂದು ಉದ್ದ ಕೂಗು ಬಂದರೆ ಅದು ಅಪಾಯದ ಸೂಚನೆ ಎಂಬುದನ್ನು ಹಿರಿಯರಿಗೆ ಅವರ ಮಾತಿನಲ್ಲೇ ತಿಳಿಸಿ, ಅವರಿಂದ ಮರಳಿ ಹೇಳಿಸಬೇಕು. ಮೊದಲ ಯಾನದಲ್ಲಿ ಈ ತಾಯಿಯವರು ಕವಾಯತಿಗೆ ಹೋಗಿ ಬಂದರು, ನಿಜ. ಅಲ್ಲಿ ಅವರಿಗೆ ಎಷ್ಟು ತಿಳಿಯಿತೆಂದು ಮಗ ಕೇಳಿದ್ದನೆ? ಪತ್ರದಲ್ಲಿ ಆ ಸಂಗತಿ ಇಲ್ಲ. ಎರಡನೆಯ ಸಲದ ಕರೆಯು ತಿಳಿಯದೆ ಉಳಿದುದನ್ನು ತಿಳಿಯುವ ಅವಕಾಶವೂ ಹೌದು.

ಮೊಣಕಾಲು ನೋವಿನ ವಿಷಯಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಹಿರಿಯರ ಆರೋಗ್ಯದ ತೊಂದರೆಯನ್ನು ಹೊರಗಿನವರ ಮುಂದೆ ಹೇಳಿಕೊಳ್ಳಲು ಸಂಕೋಚ. ‘ಅವ್ವಗ ಏನೂ ಆಗಿಲ್ಲ, ಸ್ವಲ್ಪ ದಣಿವು’ ಎನ್ನುತ್ತೇವೆ. ಹಡಗಿನಲ್ಲಿ ಈ ಮರ್ಯಾದೆ ಅಪಾಯಕಾರಿ. ಸೋಲಾಸ್ ಒಪ್ಪಂದದ 27ನೆಯ ನಿಯಮವು ಹಡಗಿನಲ್ಲಿರುವ ಎಲ್ಲರನ್ನೂ ಹೊರಡುವ ಮುನ್ನ ಎಣಿಸಬೇಕು, ಮತ್ತು ತುರ್ತು ಸಮಯದಲ್ಲಿ ವಿಶೇಷ ನೆರವು ಬೇಕೆಂದು ತಾವಾಗಿ ತಿಳಿಸಿದವರ ವಿವರವನ್ನು ಬರೆದುಕೊಂಡು ಹೊರಡುವ ಮುನ್ನ ಕ್ಯಾಪ್ಟನ್ನನಿಗೆ ಮುಟ್ಟಿಸಬೇಕು ಎಂದು ಹೇಳುತ್ತದೆ. ‘ತಾವಾಗಿ ತಿಳಿಸಿದವರು’ ಎಂಬಲ್ಲಿಯೇ ಇದರ ಕೀಲಿಯಿದೆ. ನಾವು ಹೇಳದಿದ್ದರೆ ಅವರಿಗೆ ತಿಳಿಯುವ ದಾರಿಯಿಲ್ಲ. ಅಪಾಯದ ಹೊತ್ತಿನಲ್ಲಿ ಲಿಫ್ಟು ಬಳಸಕೂಡದು, ಆರೇಳು ಅಟ್ಟಗಳನ್ನು ಮೆಟ್ಟಿಲಿನಿಂದಲೇ ಇಳಿಯಬೇಕು. ಹಾಸಿಗೆಯಿಂದ ಏಳಲಾರದ ನೋವು ಆ ತಾಯಿಯವರಿಗಿದ್ದುದು ನಿಜವಾದರೆ, ಅದನ್ನು ಕವಾಯತು ತಪ್ಪಿಸಿಕೊಳ್ಳುವ ಕಾರಣವಾಗಿ ಹೇಳದೆ, ನೆರವಿನ ಪಟ್ಟಿಯಲ್ಲಿ ಹೆಸರು ಸೇರಿಸುವ ಕಾರಣವಾಗಿ ಹೇಳಬೇಕಾಗಿತ್ತು. ಗಾಲಿಕುರ್ಚಿಯೊಡನೆ ಬರುವ ಜನ ನಿಯುಕ್ತರಾಗುತ್ತಿದ್ದರು. ಪ್ರತಿ ಯಾನಕ್ಕೂ ಈ ಪಟ್ಟಿ ಹೊಸದು. ಮೊದಲ ವಾರ ಹೇಳಿದ್ದರೂ ಎರಡನೆಯ ವಾರ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳುವುದು ಲೇಸು.

ಹಿಂದಿನ ಪದ್ಧತಿಯ ಬಗೆಗೆ ಹಿರಿಯರ ಬೇಸರ ಅಕಾರಣವಾದುದೆಂದು ನಾವು ಹೇಳುವುದಿಲ್ಲ. ಸಾವಿರಾರು ಜನರನ್ನು ಬಿಸಿಲಿಗೆ ತೆರೆದ ಅಟ್ಟದ ಮೇಲೆ ಸಾಲಾಗಿ ಅರ್ಧ ಗಂಟೆ ನಿಲ್ಲಿಸುತ್ತಿದ್ದ ಕಾಲವಿತ್ತು. 2020ರಲ್ಲಿ ಕೊರೋನಾ ಬಂದ ಮೇಲೆ ಗುಂಪು ಸೇರಿಸದಿರುವ ಸಲುವಾಗಿ ಬೇರೆ ವಿಧಾನ ಬಂದಿತು. ಪಾಠವನ್ನು ಕೋಣೆಯ ಟಿ.ವಿ.ಯಲ್ಲೋ ಮೊಬೈಲಿನಲ್ಲೋ ನೋಡಿ, ಹೊರಡುವ ಮುನ್ನ ಅನುಕೂಲವಾದ ವೇಳೆಗೆ ತಮ್ಮ ಕೂಡುವ ಸ್ಥಳಕ್ಕೆ ನಡೆದು ಹೋಗಿ ಕಾರ್ಡು ತೋರಿಸಿದರೆ ಮುಗಿಯಿತು. ಅನೇಕ ಹಡಗುಗಳಲ್ಲಿ ಈಗಲೂ ಹೀಗೆಯೇ ಉಂಟು. ನಾಲ್ಕೈದು ನಿಮಿಷದ ಕೆಲಸ. ಮಧ್ಯಾಹ್ನ ಹಡಗು ಹತ್ತಿದ ಕೂಡಲೆ, ಊಟಕ್ಕೂ ಮೊದಲು ಇದನ್ನು ಮುಗಿಸಿಬಿಟ್ಟರೆ ಸಂಜೆಯ ನೂಕುನುಗ್ಗಲು ಇರದು.

ನಮ್ಮಂಥ ದೊಡ್ಡ ಕುಟುಂಬಗಳು ಎದುರಿಸುವ ಇನ್ನೊಂದು ಪ್ರಶ್ನೆಯಿದೆ. ಅಜ್ಜ ಅಜ್ಜಿ ಒಂದು ಕೋಣೆ, ಮಗ ಸೊಸೆ ಇನ್ನೊಂದು, ಮಗಳು ಅಳಿಯ ಬೇರೆ ಅಟ್ಟದಲ್ಲಿ. ಕೂಡುವ ಸ್ಥಳಗಳೂ ಬೇರೆ ಬೇರೆ. ಕೂಗು ಕೇಳಿದಾಗ ಒಬ್ಬರನ್ನೊಬ್ಬರು ಹುಡುಕಲು ಹೊರಡುವುದು ನಮ್ಮ ರಕ್ತದಲ್ಲಿಯೇ ಇದೆ. ಹಾಗೆ ಹೊರಟರೆ ಎಲ್ಲರೂ ಮೆಟ್ಟಿಲುಗಳಲ್ಲಿ ಎದುರುಬದುರಾಗಿ ಸಿಕ್ಕಿಕೊಳ್ಳುತ್ತಾರೆ. ಟಿಕೀಟು ಕಾದಿರಿಸುವಾಗಲೇ ಹತ್ತಿರದ ಕೋಣೆಗಳನ್ನು ಕೇಳಬೇಕು. ಹಡಗು ಹತ್ತಿದ ದಿನವೇ ಹಿರಿಯರ ಜೊತೆಗೆ ಯಾರು, ಮಗುವಿನ ಜೊತೆಗೆ ಯಾರು ಎಂದು ನಿಶ್ಚಯಿಸಿಕೊಳ್ಳಬೇಕು. ಆಟದ ಕೋಣೆಯಲ್ಲಿ ಬಿಟ್ಟ ಮಕ್ಕಳನ್ನು ಸಿಬ್ಬಂದಿ ಎಲ್ಲಿಗೆ ಕರೆತರುತ್ತಾರೆಂಬುದನ್ನು ಮೊದಲ ದಿನವೇ ಕೇಳಿಕೊಳ್ಳಬೇಕು, ಏಕೆಂದರೆ ಇದು ಹಡಗಿನಿಂದ ಹಡಗಿಗೆ ಬೇರೆ. ಮಗುವಿನ ಅಳತೆಯ ಜಾಕೆಟ್ಟನ್ನೂ ಕೇಳಿ ಪಡೆಯಿರಿ. ದೊಡ್ಡವರದು ಮಗುವಿಗೆ ನಿಲ್ಲದು, ಕುತ್ತಿಗೆಯಿಂದ ಜಾರಿಬಿಡುತ್ತದೆ.

ಇಷ್ಟೆಲ್ಲ ವಿದೇಶದ ಶ್ರೀಮಂತರ ಸಂಗತಿ, ಸುಲೇಪೇಟದಲ್ಲಿ ಸಮುದ್ರವೆಲ್ಲಿದೆ ಎಂದು ಕೇಳುವ ಓದುಗರಿಗೆ ಕಾರವಾರವನ್ನು ನೆನಪಿಸುತ್ತೇವೆ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಮಡಿದರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯ ಒಂದೇ ಮನೆತನದವರು, ಸಮುದ್ರವನ್ನು ನಮ್ಮಷ್ಟೇ ದೂರದಿಂದ ಬಲ್ಲ ಒಳನಾಡಿನ ಜನ. ಎಷ್ಟೋ ಮಂದಿ ಜಾಕೆಟ್ ತೊಟ್ಟಿರಲಿಲ್ಲ. ಮುಂಬಯಿಯ ಬಳಿ 1947ರ ಜುಲೈ 17ರಂದು ರಾಮದಾಸ ಎಂಬ ಹಡಗು ಮುಳುಗಿ 600ಕ್ಕೂ ಹೆಚ್ಚು ಜನ ಸತ್ತ ಕಥೆಯನ್ನು ಆ ನಗರದಲ್ಲಿ ದುಡಿದು ಬಂದ ನಮ್ಮ ಹಿರಿಯರು ಕೇಳಿರಬಹುದು. ಅದೇ ಮುಂಬಯಿಯಲ್ಲಿ 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೊರಟಿದ್ದ ನೀಲಕಮಲ ಎಂಬ ದೋಣಿಗೆ ನೌಕಾದಳದ ವೇಗದ ದೋಣಿ ಬಡಿದು ಹದಿಮೂರಕ್ಕೂ ಹೆಚ್ಚು ಮಂದಿ ಜೀವ ಕಳೆದುಕೊಂಡರು. ಆ ಬಳಿಕವೇ ಗೇಟ್‌ವೇಯಿಂದ ಹೊರಡುವ ದೋಣಿಗಳಲ್ಲಿ ಜಾಕೆಟ್ ಕಡ್ಡಾಯವಾಯಿತು. ವಾಡಿಯಲ್ಲಿ ರೈಲು ಹತ್ತಿ ಮುಂಬಯಿಗೆ ಹೋಗುವ ನಮ್ಮವರು ಎಲಿಫೆಂಟಾ ನೋಡದೆ ಬರುವುದು ಅಪರೂಪ. ಈ ಸಣ್ಣ ದೋಣಿಗಳಲ್ಲಿ ಬಾಗಿಲು ತಟ್ಟಿ ಕರೆಯುವ ಸಿಬ್ಬಂದಿಯೂ ಇರುವುದಿಲ್ಲ. ಹೋಗುವಾಗ ತೊಟ್ಟ ಜಾಕೆಟ್ಟನ್ನು ಬರುವಾಗ ‘ಆಗಲೇ ನೋಡಿದ್ದಾಯಿತಲ್ಲ’ ಎಂದು ಬೆಂಚಿನ ಮೇಲೆ ಹಾಕುವವರಿದ್ದಾರೆ. ಮರಳುವ ದಾರಿಯೂ ಒಂದು ಎರಡನೆಯ ಯಾನವೇ ಅಲ್ಲವೆ?

ಕವಾಯತು ನಿಜವಾಗಿ ಉಪಯೋಗಕ್ಕೆ ಬಂದ ಸಂದರ್ಭವೂ ಉಂಟು. 2019ರ ಮಾರ್ಚ್ 23ರಂದು ನಾರ್ವೆಯ ಕರಾವಳಿಯಲ್ಲಿ ವೈಕಿಂಗ್ ಸ್ಕೈ ಎಂಬ ಹಡಗಿನ ಎಂಜಿನುಗಳು ಬಿರುಗಾಳಿಯಲ್ಲಿ ನಿಂತುಹೋದವು. ಹಡಗಿನಲ್ಲಿ 1,373 ಜನ, ಪ್ರಯಾಣಿಕರಲ್ಲಿ ಬಹುಮಂದಿ ವಯಸ್ಸಾದವರು. ಅವರನ್ನು ಕೂಡುವ ಸ್ಥಳಗಳಲ್ಲಿ ಜಾಕೆಟ್ ತೊಡಿಸಿ ಗಂಟೆಗಟ್ಟಲೆ ಕೂರಿಸಲಾಯಿತು. ಒಂದು ಕಡೆ ಅಲೆ ಒಳಕ್ಕೇ ನುಗ್ಗಿತು. ಹೆಲಿಕಾಪ್ಟರುಗಳು ಒಬ್ಬೊಬ್ಬರನ್ನಾಗಿ 479 ಮಂದಿಯನ್ನು ಮೇಲೆತ್ತಿದವು. ಉಳಿದವರೊಡನೆ ಹಡಗು ಮರುದಿನ ಬಂದರು ಸೇರಿತು. ಯಾರೂ ಸಾಯಲಿಲ್ಲ. ಯಾರು ಎಲ್ಲಿದ್ದಾರೆ, ಯಾರು ಹೋದರು, ಯಾರು ಉಳಿದರು ಎಂಬ ಲೆಕ್ಕವಿಲ್ಲದೆ ಇಂಥ ಕೆಲಸ ನಡೆಯುವುದು ಸಾಧ್ಯವೇ ಇರಲಿಲ್ಲ.

ಪತ್ರದ ಕೊನೆಗೆ ಮನೆಯೊಡತಿಯವರು ತಮ್ಮದೇ ಕೈಯಿಂದ ಎರಡು ಸಾಲು ಸೇರಿಸಿದ್ದಾರೆ. ಸೀರೆಯ ಮೇಲೆ ಆ ಜಾಕೆಟ್ ಹೇಗೆ ತೊಡುವುದು, ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಇರುವಾಗ ಪಟ್ಟಿ ಬಿಗಿಯಲಾದೀತೆ, ಸಂಜೆಯ ಪೂಜೆಯ ಹೊತ್ತಿಗೇ ಕರೆ ಬಂದರೆ ಏನು ಮಾಡುವುದು ಎಂದು ಕೇಳಿದ್ದಾರೆ. ನಮಗೆ ತೋರುವಂತೆ ಅವರು ಹಾಸಿಗೆ ಬಿಡದಿದ್ದುದಕ್ಕೆ ಮೊಣಕಾಲಿನಷ್ಟೇ ಈ ಸಂಕೋಚವೂ ಕಾರಣ. ನೂರಾರು ಅಪರಿಚಿತರ ನಡುವೆ ಸೆರಗು ಸರಿಪಡಿಸಿಕೊಳ್ಳುತ್ತ ನಿಲ್ಲುವುದು ಯಾವ ಗೃಹಿಣಿಗೂ ಹಿತವಲ್ಲ. ಮಗ ಇದನ್ನು ಊಹಿಸಲಿಲ್ಲ. ಸೊಸೆ ಹೆಣ್ಣುಮಗಳಾಗಿ ಊಹಿಸಬಹುದಿತ್ತು.

ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಅದರ ಮೇಲೆ ಜಾಕೆಟ್ ತೊಡಬೇಕು. ಸೆರಗು ಜಾಕೆಟ್ಟಿನ ಮೇಲೆ ಬರಬಾರದು. ನಿರಿಗೆಯನ್ನು ಸ್ವಲ್ಪ ಮೇಲೆತ್ತಿ ಉಟ್ಟರೆ ಮೆಟ್ಟಿಲಿನಲ್ಲಿ ಕಾಲಿಗೆ ತೊಡಕಾಗದು. ಕರಡಿಗೆಯನ್ನು ಕುಪ್ಪಸದ ಒಳಗೆ ಇಳಿಸಿ, ಶಿವದಾರ ಹೊರಗಿನ ಪಟ್ಟಿಗಾಗಲಿ ಕೊಂಡಿಗಾಗಲಿ ಸಿಕ್ಕದಂತೆ ನೋಡಿಕೊಂಡರೆ ಸಾಕು, ಕೊರಳಿನಿಂದ ತೆಗೆಯಬೇಕಾದ ಪ್ರಸಂಗವಿಲ್ಲ. ಇದನ್ನೆಲ್ಲ ಸೊಸೆಯು ಕೋಣೆಯೊಳಗೆ, ಬಾಗಿಲು ಹಾಕಿಕೊಂಡು, ಅತ್ತೆಯವರಿಗೆ ಒಮ್ಮೆ ತೊಡಿಸಿ ತೋರಿಸಲಿ. ಜಾಕೆಟ್ ಕೋಣೆಯಲ್ಲಿ ಇಲ್ಲದೆ ಕೂಡುವ ಸ್ಥಳದಲ್ಲಿಯೇ ಇರಿಸಿರುವ ಹಡಗಾದರೆ, ಜನ ಕಡಮೆಯಿರುವ ಮಧ್ಯಾಹ್ನದ ಹೊತ್ತಿನಲ್ಲಿ ಅಲ್ಲಿಗೇ ಹೋಗಿ ಹೆಣ್ಣುಮಗಳಾದ ಸಿಬ್ಬಂದಿಯನ್ನು ಕೇಳಿಕೊಂಡರೆ ತೋರಿಸಿಕೊಡುತ್ತಾರೆ. ಆಗ ಸಂಜೆಯ ಪೂಜೆಗೂ ಅಡ್ಡಿ ಬಾರದು. ಸಾಮೂಹಿಕವಾಗಿ ಕರೆಯುವ ಹಡಗಾದರೆ, ಆ ಒಂದು ದಿನ ಪೂಜೆಯನ್ನು ಅರ್ಧ ಗಂಟೆ ಮುಂಚೆ ಮುಗಿಸಿಕೊಳ್ಳುವುದು. ಹೊರಡುವ ವೇಳೆಯು ಕಾರ್ಡಿನ ಜೊತೆಗೆ ಕೊಡುವ ಕಾಗದದಲ್ಲಿ ಬೆಳಿಗ್ಗೆಯೇ ತಿಳಿದಿರುತ್ತದೆ.